ಹೊಲಕ್ಕಿಳಿಯುವ ಮುನ್ನ ಒಂದು ಪರವಾನಗಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಹೊಸ ಕೀಟನಾಶಕಗಳಿಗೂ ಒಪ್ಪುತ್ತದೆ. ನೋಂದಣಿಯಾಗದ ಔಷಧವನ್ನು ಬೆಳೆಗೆ ಸಿಂಪಡಿಸುವಂತಿಲ್ಲ. ಸಿಂಪಡಿಸಿ ನೋಡದೆ ನೋಂದಣಿಗೆ ಬೇಕಾದ ಮಾಹಿತಿ ದೊರೆಯುವುದಿಲ್ಲ. ಈ ತೊಡಕನ್ನು ಬಿಡಿಸಲೆಂದೇ ಅಮೆರಿಕದ ಕಾನೂನಿನಲ್ಲಿ ‘ಪ್ರಾಯೋಗಿಕ ಬಳಕೆಯ ಪರವಾನಗಿ’ ಇದೆ. ಎಷ್ಟು ಔಷಧ, ಎಷ್ಟು ಎಕರೆ, ಎಷ್ಟು ಕಾಲ ಎಂಬುದನ್ನು ನಿಗದಿಪಡಿಸಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಕೊಡುತ್ತದೆ. 10 ಎಕರೆ ಮೀರದ ಪ್ರಯೋಗಗಳಿಗೆ ಸಾಮಾನ್ಯವಾಗಿ ಅದು ಬೇಕಿರಲಿಲ್ಲ. ಆದರೆ ವಂಶವಾಹಿ ಬದಲಿಸಿದ ಸೂಕ್ಷ್ಮಜೀವಿಗಳಾದರೆ, ತಾಕು ಎಷ್ಟೇ ಚಿಕ್ಕದಿರಲಿ, ಮೊದಲೇ ತಿಳಿಸಬೇಕೆಂದು ಸಂಸ್ಥೆ 1984ರಲ್ಲಿ ವಿಧಿಸಿತು.

ಇದಕ್ಕೆ ಕಾರಣ ಎಲೆಗಳ ಮೇಲೆ ಬದುಕುವ ‘ಸ್ಯೂಡೊಮೊನಾಸ್ ಸಿರಿಂಜೆ’ ಎಂಬ ಬ್ಯಾಕ್ಟೀರಿಯ. ಚಳಿಯಲ್ಲಿ ಎಲೆಯ ತೇವ ಬೇಗ ಹೆಪ್ಪುಗಟ್ಟುವಂತೆ ಮಾಡುವ ಪ್ರೋಟೀನು ಅದರಲ್ಲಿದೆ. ಬರ್ಕ್ಲಿಯ ವಿಜ್ಞಾನಿ ಸ್ಟೀವನ್ ಲಿಂಡೋ ಮತ್ತು ಸಂಗಡಿಗರು ಆ ಪ್ರೋಟೀನಿನ ವಂಶವಾಹಿಯನ್ನು ತೆಗೆದುಹಾಕಿದರು. ಹೀಗೆ ಮಾರ್ಪಟ್ಟ ಬ್ಯಾಕ್ಟೀರಿಯವನ್ನು ಮೊದಲೇ ಸಿಂಪಡಿಸಿದರೆ ಅದು ಹಾನಿಕರ ದಾಯಾದಿಗೆ ಜಾಗ ಬಿಡುವುದಿಲ್ಲ. ಪೀಡೆಯನ್ನು ಹೊರದೂಡುವುದರಿಂದ ಕಾನೂನಿನ ದೃಷ್ಟಿಯಲ್ಲಿ ಅದೂ ಕೀಟನಾಶಕಗಳ ಸಾಲಿಗೇ ಸೇರಿತು.

1985ರ ನವೆಂಬರಿನಲ್ಲಿ ಅಡ್ವಾನ್ಸ್ಡ್ ಜೆನೆಟಿಕ್ ಸೈನ್ಸಸ್ ಎಂಬ ಕಂಪನಿಗೆ ಸ್ಟ್ರಾಬೆರಿ ಬೆಳೆಯ ಮೇಲೆ ಪ್ರಯೋಗಿಸಲು ಪರವಾನಗಿ ದೊರೆಯಿತು. ಕ್ಯಾಲಿಫೋರ್ನಿಯದ ಮಾಂಟೆರೆ ಕೌಂಟಿಯ ಜನ ಇದನ್ನು ವಿರೋಧಿಸಿದರು. ಅಷ್ಟರಲ್ಲಿ, 1986ರ ಆರಂಭದಲ್ಲಿ, ಒಂದು ಸುದ್ದಿ ಹೊರಬಿತ್ತು. ಪರವಾನಗಿ ಕೈಸೇರುವ ಮೊದಲೇ ಕಂಪನಿ ಓಕ್ಲೆಂಡಿನ ತನ್ನ ಕಟ್ಟಡದ ತಾರಸಿಯಲ್ಲಿದ್ದ ಹಣ್ಣಿನ ಗಿಡಗಳಿಗೆ ಆ ಬ್ಯಾಕ್ಟೀರಿಯವನ್ನು ಚುಚ್ಚಿತ್ತು. ಪರಿಸರ ಸಂಸ್ಥೆ ಪರವಾನಗಿಯನ್ನು ಅಮಾನತಿನಲ್ಲಿಟ್ಟು 20,000 ಡಾಲರ್ ದಂಡ ಹಾಕಿತು. ಮುಂದೆ ಅದು 13,000ಕ್ಕೆ ಇಳಿಯಿತು.

ದಂಡ ದೊಡ್ಡದೇನಲ್ಲ. ಕಳೆದುಹೋದದ್ದು ಜನರ ನಂಬಿಕೆ. ಮತ್ತೆ ಅನುಮತಿ ಪಡೆದು 1987ರ ಏಪ್ರಿಲ್ 24ರಂದು ಬ್ರೆಂಟ್‌ವುಡ್ ಎಂಬಲ್ಲಿ ಸಿಂಪಡಣೆಗೆ ಸಿದ್ಧವಾದಾಗ, ಹಿಂದಿನ ರಾತ್ರಿಯೇ ಯಾರೋ ಗಿಡಗಳನ್ನು ಕಿತ್ತೆಸೆದಿದ್ದರು. ಅವನ್ನು ಮತ್ತೆ ನೆಟ್ಟು ಕೆಲಸ ಮುಗಿಸಲಾಯಿತು. ಸಿಂಪಡಿಸಿದವರು ಮೈತುಂಬ ರಕ್ಷಣಾ ಉಡುಪು ತೊಟ್ಟಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅಪಾಯವಿಲ್ಲವೆಂದ ಮೇಲೆ ಈ ವೇಷವೇಕೆ ಎಂದು ನೋಡಿದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಬ್ಯಾಕ್ಟೀರಿಯ ತಾಕಿನಿಂದಾಚೆ ಹೆಚ್ಚು ಹರಡಲಿಲ್ಲವೆಂದು ಪರೀಕ್ಷೆಗಳು ತೋರಿಸಿದವು. ಆದರೂ ‘ಫ್ರಾಸ್ಟ್‌ಬಾನ್’ ಎಂದು ಹೆಸರಿಟ್ಟಿದ್ದ ಆ ಬ್ಯಾಕ್ಟೀರಿಯ ಮಾರುಕಟ್ಟೆಗೆ ಬರಲೇ ಇಲ್ಲ. ಹೊಲದ ಪಕ್ಕದಲ್ಲಿ ವಾಸಿಸುವವರು ಪ್ರಯೋಗಶಾಲೆಯ ಲೆಕ್ಕವನ್ನು ಪರಿಶೀಲಿಸಲಾರರು. ಅವರಿಗಿರುವ ಆಧಾರ ಪರವಾನಗಿಯೊಂದೇ. ಅದನ್ನು ಪಡೆದವರೇ ಅದಕ್ಕೆ ಕಾಯದಿದ್ದರೆ ಆ ಆಧಾರವೂ ಉಳಿಯುವುದಿಲ್ಲ.