ಬಿಡುವಿನ ವೇಳೆಯ ಗಣನೆ: ಹಿನ್ನೆಲೆ ಕೆಲಸಗಳ ನಿಯೋಜನೆ ನಡೆದು ಬಂದ ದಾರಿ

ಕಂಪ್ಯೂಟರ್ ಬಿಡುವಾಗಿರುವಾಗ ಮಾತ್ರ ಹಿನ್ನೆಲೆ ಕೆಲಸಗಳನ್ನು ನಡೆಸುವ ವಿಚಾರವು, ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಕಾಲಹಂಚಿಕೆ ವ್ಯವಸ್ಥೆಗಳಷ್ಟೇ ಹಳೆಯದು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಅವರ ತಂಡವು ಪ್ರದರ್ಶಿಸಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಟರ್ಮಿನಲ್‌ಗಳ ಮುಂದೆ ಕುಳಿತವರ ಕೆಲಸ ಮುನ್ನೆಲೆಯಲ್ಲಿ ನಡೆಯುತ್ತಿತ್ತು. ಉಳಿದ ವೇಳೆಯಲ್ಲಿ ಬ್ಯಾಚ್ ಕೆಲಸಗಳು, ಅಂದರೆ ಸಾಲಾಗಿ ಒಂದಾದ ಮೇಲೊಂದರಂತೆ ಓಡಿಸುವ ಪ್ರೋಗ್ರಾಮ್‌ಗಳು, ಹಿನ್ನೆಲೆಯಲ್ಲಿ ಸಾಗುತ್ತಿದ್ದವು. ಮುಂದೆ ಯುನಿಕ್ಸ್‌ನ ‘ನೈಸ್’ ಆಜ್ಞೆಯು ಒಂದು ಕೆಲಸದ ಆದ್ಯತೆಯನ್ನು ತಗ್ಗಿಸುವ ಅವಕಾಶವನ್ನು ಬಳಕೆದಾರರ ಕೈಗೇ ಕೊಟ್ಟಿತು.

ಮೇಜಿಗೊಂದು ಕಂಪ್ಯೂಟರ್ ಬಂದಮೇಲೆ ಬಿಡುವು ಯಂತ್ರಯಂತ್ರಗಳಲ್ಲಿ ಹಂಚಿಹೋಯಿತು. ಅದನ್ನು ಒಟ್ಟುಗೂಡಿಸಲೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಿರಾನ್ ಲಿವ್ನಿ ಮತ್ತು ಸಂಗಡಿಗರು ರೂಪಿಸಿ 1988ರಲ್ಲಿ ವಿವರಿಸಿದ ‘ಕಾಂಡಾರ್’, ಯಂತ್ರದ ಒಡೆಯರು ಮರಳಿ ಬಂದರೆ ನಡೆಯುತ್ತಿದ್ದ ಕೆಲಸದ ಸ್ಥಿತಿಯನ್ನು ಪೂರ್ತಿಯಾಗಿ ಉಳಿಸಿಕೊಂಡು ಬೇರೊಂದು ಯಂತ್ರದಲ್ಲಿ ಅಲ್ಲಿಂದಲೇ ಮುಂದುವರಿಸುತ್ತಿತ್ತು. ಭೂಮಿಯಾಚೆಯ ಬುದ್ಧಿಜೀವಿಗಳನ್ನು ಹುಡುಕಲು 1999ರಲ್ಲಿ ಆರಂಭವಾದ ಸೆಟಿ ಅಟ್ ಹೋಮ್ ಯೋಜನೆಯು ಇದೇ ತತ್ತ್ವವನ್ನು ಮನೆಮನೆಯ ಕಂಪ್ಯೂಟರ್‌ಗಳಿಗೆ ವಿಸ್ತರಿಸಿತು.

ಆದರೆ ಪ್ರೊಸೆಸರ್ ಬಿಡುವಾಗಿದೆ ಎಂದಮಾತ್ರಕ್ಕೆ ಯಂತ್ರವೇ ಬಿಡುವಾಗಿದೆ ಎನ್ನಲಾಗದು. ಡಿಸ್ಕ್‌ನಲ್ಲಿ ಚದುರಿದ ಕಡತಗಳನ್ನು ಜೋಡಿಸುವ ಪ್ರೋಗ್ರಾಮ್‌ಗೆ ಪ್ರೊಸೆಸರ್‌ನ ಸರದಿಯಲ್ಲಿ ಎಷ್ಟೇ ಕೆಳಗಿನ ಸ್ಥಾನ ಕೊಟ್ಟರೂ, ಡಿಸ್ಕ್‌ನ ಓದುಮುಳ್ಳನ್ನು ಅದು ತನ್ನತ್ತ ಎಳೆದುಕೊಂಡು ಮುನ್ನೆಲೆಯ ಕೆಲಸವನ್ನು ತಡೆಯಬಲ್ಲದು. ಈ ತೊಡಕಿಗೆ ಮೈಕ್ರೋಸಾಫ್ಟ್ ರಿಸರ್ಚ್‌ನ ಜಾನ್ ಡೌಸರ್ ಮತ್ತು ವಿಲಿಯಂ ಬೊಲೊಸ್ಕಿ 1999ರಲ್ಲಿ ಕಂಡುಕೊಂಡ ಪರಿಹಾರವು ಈ ಕ್ಷೇತ್ರದ ಅತ್ಯಂತ ಸುಂದರ ಕಲ್ಪನೆಗಳಲ್ಲೊಂದು. ಇಬ್ಬರು ಒಂದೇ ಸಂಪನ್ಮೂಲಕ್ಕೆ ಕೈಹಾಕಿದಾಗ ಇಬ್ಬರ ವೇಗವೂ ಕುಗ್ಗುತ್ತದೆ. ಆದ್ದರಿಂದ ಹಿನ್ನೆಲೆಯ ಕೆಲಸವು ಇತರರನ್ನು ಗಮನಿಸುವ ಬದಲು ತನ್ನ ಪ್ರಗತಿಯನ್ನೇ ಅಳೆದುಕೊಂಡು, ಅದು ವಾಡಿಕೆಗಿಂತ ನಿಧಾನವಾಗಿದ್ದರೆ ಯಾರಿಗೋ ಅಡ್ಡಿಯಾಗುತ್ತಿರುವೆನೆಂದು ತಿಳಿದು ನಿಲ್ಲಬೇಕು, ಮತ್ತೆ ಯತ್ನಿಸಿದಾಗಲೂ ಹಾಗೆಯೇ ಆದರೆ ಇಮ್ಮಡಿ ಹೊತ್ತು ಕಾಯಬೇಕು.

ಲಿನಕ್ಸ್ ಬೇರೆ ದಾರಿ ಹಿಡಿದು, ಡಿಸ್ಕ್‌ಗೇ ಪ್ರತ್ಯೇಕವಾದ ‘ಬಿಡುವಿನ’ ದರ್ಜೆಯೊಂದನ್ನು ರೂಪಿಸಿತು. ಆ ದರ್ಜೆಯ ಕೆಲಸಕ್ಕೆ ಡಿಸ್ಕ್ ಸಿಗುವುದು ಬೇರಾರೂ ಸ್ವಲ್ಪ ಹೊತ್ತು ಅದನ್ನು ಕೇಳದಿದ್ದಾಗ ಮಾತ್ರ. ಪ್ರೊಸೆಸರ್‌ನ ವಿಷಯದಲ್ಲಿ ಮಾತ್ರ ಅದು ಅಷ್ಟು ಕಟ್ಟುನಿಟ್ಟಾಗಲಿಲ್ಲ: 2007ರ ‘ಶೆಡ್ಯೂಲ್ ಐಡಲ್’ ದರ್ಜೆಯ ಕೆಲಸಕ್ಕೂ ಚೂರು ಪಾಲು ಸಿಕ್ಕೇ ಸಿಗುತ್ತದೆ. ಕೆಳದರ್ಜೆಯ ಕೆಲಸವೊಂದು ಹಂಚಿಕೆಯ ದತ್ತಾಂಶಕ್ಕೆ ಬೀಗ ಹಾಕಿ, ಮುಂದೆ ಸರದಿಯೇ ಬಾರದೆ ನಿಂತರೆ, ಆ ಬೀಗಕ್ಕಾಗಿ ಕಾಯುವ ಮೇಲ್ದರ್ಜೆಯ ಕೆಲಸವೂ ನಿಲ್ಲುತ್ತದೆ. ಆದ್ಯತೆಯ ತಲೆಕೆಳಗು ಎನ್ನಬಹುದಾದ ಈ ಸ್ಥಿತಿಯನ್ನು ತಪ್ಪಿಸಲೆಂದೇ ಆ ಪಾಲನ್ನು ಉಳಿಸಲಾಗಿದೆ.

ಮೊಬೈಲ್ ಫೋನ್‌ಗಳು ಬಂದಮೇಲೆ ಬಿಡುವಿನ ಬೆಲೆಯೇ ಬದಲಾಯಿತು, ಏಕೆಂದರೆ ಅಲ್ಲಿ ಪ್ರೊಸೆಸರ್ ಸುಮ್ಮನಿದ್ದಷ್ಟು ಹೊತ್ತು ಬ್ಯಾಟರಿ ಉಳಿಯುತ್ತದೆ. 2014ರ ಆಂಡ್ರಾಯ್ಡ್ 5.0ರಲ್ಲಿ ಬಂದ ಜಾಬ್ ಶೆಡ್ಯೂಲರ್‌ಗೆ, ಫೋನ್ ಬಿಡುವಾಗಿರುವುದಷ್ಟೇ ಅಲ್ಲದೆ ಚಾರ್ಜ್ ಆಗುತ್ತಲೂ ಇರಬೇಕೆಂದು ಷರತ್ತು ವಿಧಿಸಬಹುದು. ಮರುವರ್ಷದ ‘ಡೋಜ್’ ಇನ್ನೂ ಮುಂದೆ ಹೋಗಿ, ಚಾರ್ಜರ್ ಇಲ್ಲದೆ ಅಲುಗಾಡದೆ ಬಿದ್ದಿರುವ ಫೋನಿನಲ್ಲಿ ಬಹುಪಾಲು ಹಿನ್ನೆಲೆ ಕೆಲಸಗಳನ್ನು ತಡೆಹಿಡಿದು, ಆಗಾಗ ತೆರೆಯುವ ಕಿರು ಅವಧಿಗಳಲ್ಲಿ ಒಟ್ಟಿಗೆ ಮುಗಿಸಗೊಡುತ್ತದೆ. ಫೋನ್ ಮುಟ್ಟದೆ ಉಳಿದಷ್ಟೂ ಆ ಅವಧಿಗಳ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ.