ಬಿಸಿಲಿನ ರಾಕೆಟ್ಟು ಯಾಕೆ ಹಾರಲಿಲ್ಲ?

ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಡೋ ಆಟ ನೀವೂ ಆಡಿರ್ತೀರಿ. ಅದೇ ಆಟದಿಂದ ಅಂತರಿಕ್ಷ ನೌಕೆ ಓಡಿಸಬಹುದು ಅಂತ 1956ರಲ್ಲೇ ಒಬ್ಬರು ಪ್ರಬಂಧ ಬರೆದಿದ್ದರು. ಹೆಸರು ಕ್ರಾಫ್ಟ್ ಎರಿಕೆ. ಬರ್ಲಿನ್‌ನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಪೀನಮುಂಡೆಯಲ್ಲಿ ರಾಕೆಟ್ ಕೆಲಸ ಮಾಡಿ, ಆಮೇಲೆ ಅಮೆರಿಕದ ಕಾನ್ವೇರ್ ಕಂಪನಿ ಸೇರಿದವರು.

ಯೋಚನೆ ಸರಳ. ದೊಡ್ಡ ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಕಾವಿನಲ್ಲಿ ಹೈಡ್ರೋಜನ್ ಕಾಯಿಸಿ ನಾಜಲ್ ಮೂಲಕ ಹೊರಗೆ ಬಿಡೋದು. (ಬೆಳಕಿನ ಒತ್ತಡಕ್ಕೆ ಸಾಗೋ ಸೌರಹಾಯಿ ಬೇರೆ, ಇದು ಬೇರೆ.) ಏನನ್ನೂ ಉರಿಸಬೇಕಿಲ್ಲ, ಆಮ್ಲಜನಕ ಹೊರಬೇಕಿಲ್ಲ. ಹೈಡ್ರೋಜನ್-ಆಮ್ಲಜನಕ ಉರಿಸುವ ಎಂಜಿನ್ನಿನಿಂದ ಅನಿಲ ಸೆಕೆಂಡಿಗೆ ಸುಮಾರು 4.5 ಕಿ.ಮೀ. ವೇಗದಲ್ಲಿ ಹೊಮ್ಮುತ್ತೆ. ಬರೀ ಹೈಡ್ರೋಜನ್ ಹಗುರ, ಚೆನ್ನಾಗಿ ಕಾಯಿಸಿದರೆ 8 ಕಿ.ಮೀ. ದಾಟಬಹುದು.

ಹಾಗಾದ್ರೆ ತೊಡಕೆಲ್ಲಿ? ಒಂದು ಪುಟ್ಟ ಲೆಕ್ಕ ಹಾಕಿ ನೋಡಿದೆ. ಭೂಮಿಯ ಸುತ್ತಲ ಅಂತರಿಕ್ಷದಲ್ಲಿ ಒಂದು ಚದರ ಮೀಟರಿಗೆ ಬೀಳೋ ಬಿಸಿಲು ಸುಮಾರು 1,360 ವಾಟ್. 100 ಚದರ ಮೀಟರ್ ಕನ್ನಡಿಗೆ 136 ಕಿಲೋವಾಟ್. ಒಂದಿಷ್ಟೂ ಪೋಲಾಗದಿದ್ದರೂ ಸಿಗೋ ನೂಕುಬಲ 34 ನ್ಯೂಟನ್. ಅಂದ್ರೆ ಮೂರೂವರೆ ಕೆಜಿ ಅಕ್ಕಿ ಚೀಲ ಹಿಡಿದುಕೊಳ್ಳೋ ಅಷ್ಟು :-) ನೆಲದಿಂದ ಏಳೋ ಮಾತೇ ಇಲ್ಲ. ಕಕ್ಷೆ ತಲುಪಿದ ಮೇಲೆ ನಿಧಾನಕ್ಕೆ ಮೇಲೇರಬೇಕು.

ಎರಿಕೆ ಹೆಸರು ಉಳಿದದ್ದು ಉರಿಸುವ ರಾಕೆಟ್ಟಿನಿಂದಲೇ. ಅವರು ರೂಪಿಸಿದ ಸೆಂಟಾರ್ ಹಂತ 1963ರ ನವೆಂಬರಿನಲ್ಲಿ ಕಕ್ಷೆ ಸೇರಿತು, ದ್ರವ ಹೈಡ್ರೋಜನ್ ಉರಿಸಿಕೊಂಡು.

ಬಿಸಿಲಿನ ರಾಕೆಟ್ಟಿಗೆ ಮತ್ತೆ ಜೀವ ಬಂದದ್ದು 1990ರ ದಶಕದಲ್ಲಿ. 1996ರಲ್ಲಿ ಎಂಡೆವರ್ ನೌಕೆಯಿಂದ ಬಿಟ್ಟ 14 ಮೀಟರ್ ಅಗಲದ ಆಂಟೆನಾ ಬಲೂನಿನಂತೆ ಉಬ್ಬಿ ನಿಂತಿತು. ದೊಡ್ಡ ಕನ್ನಡಿಯನ್ನೂ ಹೀಗೇ ಮಡಚಿ ಒಯ್ಯಬಹುದು ಅಂತ ಆಸೆ ಹುಟ್ಟಿತು. ಅಮೆರಿಕದ ವಾಯುಪಡೆ ಗ್ರಾಫೈಟಿನಲ್ಲಿ ಕಾವು ಕೂಡಿಟ್ಟು, ಆಮೇಲೆ ಹೈಡ್ರೋಜನ್ ಹಾಯಿಸೋ ಎಂಜಿನ್ ಮಾಡಿಸಿತು. 1997ರಲ್ಲಿ ನಾಸಾದ ಲೂಯಿಸ್ ಕೇಂದ್ರದ ನಿರ್ವಾತ ಕೋಣೆಯಲ್ಲಿ ಅದರ ಪರೀಕ್ಷೆಯೂ ಆಯ್ತು. ನಾಸಾದ್ದೇ 'ಶೂಟಿಂಗ್ ಸ್ಟಾರ್' ಯೋಜನೆಯಲ್ಲಿ ಉಬ್ಬುವ ಲೆನ್ಸ್ ಮಾಡಿದರು. ಎರಡೂ ಹಾರಲಿಲ್ಲ.

ಅಷ್ಟರಲ್ಲಿ 1998ರಲ್ಲಿ ಡೀಪ್ ಸ್ಪೇಸ್ 1 ಹೊರಟಿತು. ಅದೂ ಬಿಸಿಲನ್ನೇ ನಂಬಿದ್ದು, ಆದರೆ ಬಿಸಿಲಿಂದ ಕರೆಂಟು ಮಾಡಿ ಅಯಾನ್ ಎಂಜಿನ್ ಓಡಿಸೋ ದಾರಿ. ಅದರ ನೂಕುಬಲ ಇನ್ನೂ ಕಡಿಮೆ! 2015ರಲ್ಲಿ ವಿದ್ಯುತ್ ಎಂಜಿನ್ನನ್ನೇ ನಂಬಿ ಹೊರಟ ಸಂವಹನ ಉಪಗ್ರಹಗಳು ಭೂಸ್ಥಿರ ಕಕ್ಷೆ ಸೇರಲು ತಿಂಗಳುಗಟ್ಟಲೆ ತಗೊಂಡವು. ಆದ್ದರಿಂದ ನಿಧಾನವೇ ಇದರ ಸೋಲಿಗೆ ಕಾರಣ ಅಂದ್ರೆ ನಾನು ಒಪ್ಪಲ್ಲ. ಸೋಲಾರ್ ಪ್ಯಾನೆಲ್ ಎಲ್ಲಾ ಉಪಗ್ರಹದಲ್ಲೂ ಮೊದಲೇ ಇತ್ತು. ಕನ್ನಡಿಯನ್ನು ಹೊಸದಾಗಿ ಹೊರಬೇಕಿತ್ತು.

ಎರಿಕೆ 1984ರಲ್ಲಿ ತೀರಿಕೊಂಡರು. ಆ ಪರೀಕ್ಷೆ ನಡೆದ 1997ರಲ್ಲೇ, ಏಪ್ರಿಲ್ ತಿಂಗಳಲ್ಲಿ, ಅವರ ಚಿತಾಭಸ್ಮದ ಒಂದಂಶ ಕಕ್ಷೆಗೆ ಹೋಯ್ತು. ಘನ ಇಂಧನ ಉರಿಸೋ ಪೆಗಾಸಸ್ ರಾಕೆಟ್ಟಿನಲ್ಲಿ.