ಪರಗೃಹಭೋಗವೂ ಸ್ವಾಮಿತ್ವವೂ

ಒಬ್ಬನ ಮನೆಯಲ್ಲಿ ಮತ್ತೊಬ್ಬನು ಹೊಕ್ಕು ನೆಲೆಸಿ, ಬಹುಕಾಲ ಕಳೆದ ಬಳಿಕ ಅದು ತನ್ನದೇ ಎಂದು ವಾದಿಸುವ ವ್ಯಾಜ್ಯವು ನಮ್ಮ ಕಾಲದ್ದು ಮಾತ್ರವೆಂದು ಹಲವರು ಭಾವಿಸುವುದುಂಟು. ಪ್ರಾಚೀನ ವ್ಯವಹಾರಗ್ರಂಥಗಳನ್ನು ಪರಿಶೀಲಿಸಿದರೆ ಈ ಭಾವನೆಯು ನಿಲ್ಲಲಾರದು. ಅಂಥವನನ್ನು ಹೊರಡಿಸುವ ಅಧಿಕಾರವು ಯಾರದು, ಎಷ್ಟು ಕಾಲದೊಳಗಿನದು, ದೀರ್ಘವಾಸದಿಂದ ಒಡೆತನವು ಹುಟ್ಟುವುದೇ ಇಲ್ಲವೇ ಎಂಬ ಪ್ರಶ್ನೆಗಳನ್ನು ನಮ್ಮ ಶಾಸ್ತ್ರಕಾರರು ‘ಭುಕ್ತಿ’ಯ ಪ್ರಕರಣದಲ್ಲಿ ಸೂಕ್ಷ್ಮವಾಗಿ ಚರ್ಚಿಸಿರುವರು. ಅವರಲ್ಲಿ ಅತ್ಯಂತ ತಲಸ್ಪರ್ಶಿಯಾದ ವಿಚಾರವು ಕನ್ನಡನಾಡಿನ ಕಲ್ಯಾಣದಲ್ಲಿಯೇ ನಡೆದುದರಿಂದ ಇದನ್ನು ಪರಾಮರ್ಶಿಸುವುದು ಉಚಿತವಾಗಿದೆ.

ಮೊದಲು ಕೌಟಿಲ್ಯನ ಮತವನ್ನು ನೋಡೋಣ. ಆತನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ 1909ರಲ್ಲಿ ಪ್ರಕಟಿಸಿ ಲೋಕೋಪಕಾರ ಮಾಡಿದರು. ಅದರ ಧರ್ಮಸ್ಥೀಯಾಧಿಕರಣದಲ್ಲಿ, ಬೇಡವೆಂದರೂ ಮನೆಯನ್ನು ಬಿಡದೆ ವಾಸಿಸುವವನಿಗೂ, ಬಾಡಿಗೆ ಕೊಡುತ್ತಿರುವವನನ್ನು ಹೊರಗೆ ಹಾಕುವ ಒಡೆಯನಿಗೂ ಸಮನಾಗಿ 12 ಪಣಗಳ ದಂಡವು ವಿಹಿತವಾಗಿದೆ. ಆದರೆ ಬಾಡಿಗೆಯವನು ಪಾರುಷ್ಯ, ಕಳವು, ಸಾಹಸ, ಸ್ತ್ರೀಸಂಗ್ರಹಣ, ಮಿಥ್ಯಾಭೋಗ ಇವುಗಳಲ್ಲಿ ಯಾವುದಾದರೊಂದಕ್ಕೆ ಗುರಿಯಾದರೆ ಒಡೆಯನಿಗೆ ದಂಡವಿಲ್ಲ. ಮಿಥ್ಯಾಭೋಗವೆಂದರೆ ತನ್ನದಲ್ಲದುದನ್ನು ತನ್ನದೆಂದು ಅನುಭವಿಸುವುದು. ಬಲಾತ್ಕಾರದಿಂದ ವಾಸ್ತುವನ್ನು ಕಿತ್ತುಕೊಂಡವನಿಗಾದರೋ ಕಳ್ಳನ ದಂಡವೇ ಸಲ್ಲುವುದು. ಆದರೂ 20 ವರ್ಷ ಉಪೇಕ್ಷಿಸಿ ಬಿಟ್ಟ ವಾಸ್ತುವಿನ ವಿಷಯದಲ್ಲಿ ವ್ಯಾಜ್ಯ ಹೂಡಲಾಗದೆಂದು ಆತನೇ ಮಿತಿಯನ್ನು ಹಾಕಿರುವನು. ಈ ಮಿತಿಗೂ ಅಪವಾದವಿದೆ: ಜ್ಞಾತಿಗಳು, ಶ್ರೋತ್ರಿಯರು, ಪಾಷಂಡರು ರಾಜಸಾನ್ನಿಧ್ಯವಿಲ್ಲದೆಡೆಯಲ್ಲಿ ಪರರ ಮನೆಗಳಲ್ಲಿ ಎಷ್ಟು ಕಾಲ ವಾಸಿಸಿದರೂ ಆ ಭೋಗದಿಂದ ಅವರಿಗೆ ಒಡೆತನವು ಬಾರದು. ವಿಶ್ವಾಸದಿಂದಲೋ ಗೌರವದಿಂದಲೋ ಇರಗೊಟ್ಟವರನ್ನು ಹೊರಡಿಸಲು ಸಂಕೋಚಪಡುವ ಗೃಹಸ್ಥನ ಮೌನವನ್ನು ಆತನಿಗೇ ವಿರುದ್ಧವಾದ ಸಾಕ್ಷಿಯಾಗಿ ಮಾಡಬಾರದೆಂಬುದೇ ಇದರ ಹೃದಯವೆಂದು ತೋರುತ್ತದೆ.

ಸ್ಮೃತಿಕಾರರಲ್ಲಿ ಮನುವು, ಭಯಪಡಿಸಿ ಮನೆ, ಕೆರೆ, ತೋಟ, ಹೊಲಗಳನ್ನು ಅಪಹರಿಸಿದವನಿಗೆ 500, ಅಜ್ಞಾನದಿಂದ ಹಾಗೆ ಮಾಡಿದವನಿಗೆ 200 ಪಣಗಳ ದಂಡವನ್ನು ಹೇಳಿರುವನು. ನಾರದನ ಎರಡು ವಿಧಿಗಳು ಇನ್ನೂ ಸ್ವಾರಸ್ಯವಾಗಿವೆ. ಪರರ ನೆಲದಲ್ಲಿ ಬಾಡಿಗೆ ತೆತ್ತು ಮನೆ ಕಟ್ಟಿಕೊಂಡವನು ಬಿಟ್ಟುಹೋಗುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದು. ಒಡೆಯನ ಇಚ್ಛೆಯಿಲ್ಲದೆ ಬಾಡಿಗೆಯನ್ನೂ ಕೊಡದೆ ವಾಸಿಸಿದವನಿಗೆ ಅದೂ ದೊರೆಯಲಾರದು. ಆಗಮವಿಲ್ಲದೆ, ಎಂದರೆ ಕ್ರಯ, ದಾನ, ದಾಯ ಮುಂತಾದ ಮೂಲವಿಲ್ಲದೆ, ನೂರಾರು ವರ್ಷ ಅನುಭವಿಸಿದರೂ ಅವನು ಚೋರನಂತೆ ದಂಡ್ಯನೆಂದೂ ನಾರದನು ವಿಧಿಸಿರುವನು.

ಇದಕ್ಕೆ ಎದುರಾಗಿ ಯಾಜ್ಞವಲ್ಕ್ಯನ ವಚನವೊಂದು ನಿಲ್ಲುತ್ತದೆ. ಒಡೆಯನು ಕಣ್ಣಾರೆ ನೋಡುತ್ತ ಮಾತಾಡದೆ ಇದ್ದಲ್ಲಿ, ಪರನು ಅನುಭವಿಸುತ್ತಿರುವ ಭೂಮಿಗೆ 20 ವರ್ಷಗಳಲ್ಲಿಯೂ, ಇತರ ಧನಕ್ಕೆ 10 ವರ್ಷಗಳಲ್ಲಿಯೂ ‘ಹಾನಿ’ಯಾಗುವುದೆಂದು ಅದರ ತಾತ್ಪರ್ಯ. ಅಡವು, ಎಲ್ಲೆ, ನಿಕ್ಷೇಪ, ಜಡರ ಮತ್ತು ಬಾಲಕರ ಧನ, ರಾಜನ, ಸ್ತ್ರೀಯರ, ಶ್ರೋತ್ರಿಯರ ಸ್ವತ್ತು ಇವುಗಳಿಗೆ ಈ ನಿಯಮವಿಲ್ಲ. ಹಾನಿಯೆಂದರೆ ಯಾವುದರ ಹಾನಿ? ಒಡೆತನದ್ದೇ? ವ್ಯಾಜ್ಯಾಧಿಕಾರದ್ದೇ? ಇಲ್ಲಿಯೇ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ತನ್ನ ಪ್ರೌಢಿಮೆಯನ್ನು ತೋರಿಸಿರುವನು.

ಆತನ ವಿಚಾರಸರಣಿಯು ಹೀಗಿದೆ. ದಾನ, ವಿಕ್ರಯಗಳಂತೆ ಮೌನವು ಸ್ವತ್ವವನ್ನು ನಾಶಮಾಡುವ ಕಾರಣವೆಂದು ಲೋಕದಲ್ಲಿಯೂ ಶಾಸ್ತ್ರದಲ್ಲಿಯೂ ಪ್ರಸಿದ್ಧವಲ್ಲ. ಭೋಗವು ಸ್ವತ್ವವನ್ನು ಹುಟ್ಟಿಸುವುದೂ ಇಲ್ಲ. ಏಕೆಂದರೆ ಅದು ಸ್ವತ್ವಕ್ಕೆ ಪ್ರಮಾಣ ಮಾತ್ರ, ಪ್ರಮಾಣವು ಪ್ರಮೇಯವನ್ನು ಉತ್ಪಾದಿಸಲಾರದು. ಹೊಗೆಯು ಬೆಂಕಿಯನ್ನು ತಿಳಿಸುವುದೇ ಹೊರತು ಹೊತ್ತಿಸುವುದಿಲ್ಲವೆಂಬುದನ್ನು ಇಲ್ಲಿ ನಾವು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ವ್ಯಾಜ್ಯಾಧಿಕಾರದ ಹಾನಿಯೆಂಬ ಪಕ್ಷವನ್ನೂ ಬಿಟ್ಟು, ಹಾನಿಯಾಗುವುದು ಫಲಕ್ಕೆ ಮಾತ್ರವೆಂದು ಆತನು ಸಿದ್ಧಾಂತ ಮಾಡುವನು. ಎಂದರೆ, 20 ವರ್ಷ ನೋಡಿಯೂ ಸುಮ್ಮನಿದ್ದ ಒಡೆಯನಿಗೆ ಭೂಮಿಯು ಮರಳಿ ಬರುವುದು. ಕಳೆದ ಕಾಲದ ಉತ್ಪನ್ನವು ಬಾರದು. ಆತನು ದೂರದಲ್ಲಿದ್ದರೆ, ಅಥವಾ ಆಕ್ಷೇಪಿಸಿದ್ದರೆ, ಫಲವೂ ಆತನದೇ. ಆಲಸ್ಯಕ್ಕೆ ದಂಡವುಂಟು, ಆದರೆ ಸರ್ವಸ್ವಾಪಹಾರವಿಲ್ಲ.

ಹಾಗಾದರೆ ಹಳೆಯ ಮನೆತನಗಳಿಗೆಲ್ಲ ಪತ್ರವನ್ನು ಕೇಳಿದರೆ ಗತಿಯೇನು ಎಂಬ ಶಂಕೆಗೂ ಸಮಾಧಾನವಿದೆ. ಮನುಷ್ಯರ ನೆನಪಿಗೆ ಎಟಕುವ ಕಾಲವು 100 ವರ್ಷ. ಅದರೊಳಗಿನ ಭೋಗಕ್ಕೆ ಆಗಮವನ್ನು ತೋರಿಸಲೇಬೇಕು. ಅದನ್ನು ಮೀರಿ ಪರಂಪರೆಯಾಗಿ, ಎಡೆಬಿಡದೆ, ಯಾರ ಆಕ್ಷೇಪವೂ ಇಲ್ಲದೆ, ಪ್ರತಿವಾದಿಯ ಕಣ್ಣೆದುರಿನಲ್ಲಿಯೇ ನಡೆದು ಬಂದ ಭೋಗವು ತಾನೇ ಪ್ರಮಾಣವಾಗುವುದು. ಆದರೆ ಆಗಮವಿಲ್ಲವೆಂಬುದು ಪರಂಪರೆಯಿಂದಲೇ ತಿಳಿದುಬಂದಲ್ಲಿ ಅದೂ ನಿಲ್ಲದು.

ಆಂಗ್ಲರ ಆಳ್ವಿಕೆಯಲ್ಲಿ ಮಿತಾಕ್ಷರೆಯ ದಾಯಪ್ರಕರಣವನ್ನು ಕೋಲ್‌ಬ್ರೂಕನು 1810ರಲ್ಲಿ ಭಾಷಾಂತರಿಸಿ ಪ್ರಕಟಿಸಿದನು. ನ್ಯಾಯಸ್ಥಾನಗಳಲ್ಲಿ ಅದಕ್ಕೆ ದೊರೆತ ಮನ್ನಣೆಯು ಭುಕ್ತಿಪ್ರಕರಣಕ್ಕೆ ದೊರೆಯಲಿಲ್ಲ. 1859ರ ಕಾಲಪರಿಮಿತಿ ಕಾಯಿದೆಯು ಸ್ಥಿರಸ್ವತ್ತಿನ ದಾವೆಗೆ 12 ವರ್ಷಗಳ ಗಡುವನ್ನು ಹಾಕಿತು. ಅದೇ ಗಡುವು 1963ರ ಕಾಯಿದೆಯಲ್ಲಿಯೂ ಇದೆ; ಅದು ತೀರಿದ ಮೇಲೆ ದಾವೆಯಷ್ಟೇ ಅಲ್ಲ, ಒಡೆತನದ ಹಕ್ಕೇ ಅಳಿಯುತ್ತದೆ. ಸರ್ಕಾರದ ಸ್ವತ್ತಿಗೆ ಮಾತ್ರ 30 ವರ್ಷ. ಒಡೆಯನೇ ಆದರೂ ಕಾನೂನಿನ ಕ್ರಮವನ್ನು ಬಿಟ್ಟು ಬಲದಿಂದ ಹೊರಡಿಸಿದರೆ, ಹೊರದೂಡಲ್ಪಟ್ಟವನು 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯು ಹೇಳುತ್ತದೆ. ಪ್ರತಿಕೂಲ ಸ್ವಾಧೀನದ ಈ ನಿಯಮವನ್ನು ಪುನಃ ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಕಟುವಾಗಿ ಸೂಚಿಸಿತು. ಅದೇ ನ್ಯಾಯಾಲಯವು 2019ರಲ್ಲಿ ಇಂಥ ಸ್ವಾಧೀನದವನು ತಾನೇ ವಾದಿಯಾಗಿಯೂ ಬರಬಹುದೆಂದು ತೀರ್ಮಾನಿಸಿತು. ಕಾನೂನು ಆಯೋಗವು 2023ರ 280ನೆಯ ವರದಿಯಲ್ಲಿ ಬದಲಾವಣೆಗೆ ಕಾರಣವಿಲ್ಲವೆಂದಿತು.

ಎರಡು ಪದ್ಧತಿಗಳನ್ನೂ ತೂಗಿ ನೋಡಿದರೆ, ವ್ಯಾಜ್ಯಗಳಿಗೆ ಕೊನೆಯಿರಬೇಕೆಂಬುದು ನವೀನರ ಬಲವಾದ ಯುಕ್ತಿಯೆಂದು ಒಪ್ಪಬೇಕು. 100 ವರ್ಷಗಳ ಹಿಂದಿನ ಮೂಲವನ್ನು ಕೆದಕುವ ವ್ಯಾಜ್ಯದಲ್ಲಿ ಸಾಕ್ಷಿಗಳೂ ಉಳಿದಿರುವುದಿಲ್ಲ, ನಿರಪರಾಧಿಯಾದ ಮೊಮ್ಮಗನ ಮನೆಯೂ ಅಲುಗಾಡುವುದು. ಆದರೂ ಒಡೆಯನ ಔದಾಸೀನ್ಯಕ್ಕೂ ಹೊಕ್ಕವನ ಅಪಹಾರಕ್ಕೂ ಬೇರೆಬೇರೆ ತೂಕವನ್ನಿಟ್ಟು, ಮೊದಲನೆಯದಕ್ಕೆ ಫಲವನ್ನೂ ಎರಡನೆಯದಕ್ಕೆ ಸ್ವಾಧೀನವನ್ನೂ ಕಳೆದ ವಿಜ್ಞಾನೇಶ್ವರನ ವಿವೇಕವು ಕಾಯಿದೆಗಳನ್ನು ತಿದ್ದುವವರ ಪರಿಶೀಲನೆಗೆ ಇಂದಿಗೂ ಯೋಗ್ಯವಾಗಿದೆ.